ಮಲ್ಕಮ್ಮನ ಕೌದಿಯ ಕೊನೆಯ ಮೂಲೆ

ಮಣ್ಣೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೌಡರ ಅಂಗಳದ ಆಚೆ, ಬೇವಿನ ಬುಡದಲ್ಲಿ ಮಲ್ಕಮ್ಮ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿಕೊಂಡು ಕೌದಿ ಹೊಲಿಯುತ್ತಿದ್ದಾಳೆ. ಈಕೆ ಅಂಗಳ ತುಳಿಯುವಂತಿಲ್ಲ. ಈಕೆ ಹೊಲಿದ ಕೌದಿ ಮಾತ್ರ ನೆಟ್ಟಗೆ ಗೌಡರ ಮಂಚವನ್ನೇ ಏರುತ್ತದೆ. ಇದು ಯಾವ ಸೀಮೆಯ ಮಡಿಯೋ, ನನಗಂತೂ ತಿಳಿಯದು.

ಮಹಾಯುದ್ಧ ಶುರುವಾದಾಗಿನಿಂದ ಬಟ್ಟೆ ತುಟ್ಟಿ. ಹಾಗಾಗಿ ಮಲ್ಕಮ್ಮನಿಗೆ ಕೈತುಂಬ ಕೆಲಸ. "ದಾರ ಎಳಿಯೂದ್ರಾಗ ಅದರಿ ಎಲ್ಲಾ," ಎನ್ನುತ್ತಾಳೆ. "ಸಿಟ್ಟಿನಾಗ ಎಳದ್ರ ಬಟ್ಟಿ ಮುದುಡತದ. ಮಲಗಿದವರ ಬೆನ್ನಿಗಿ ಚುಚ್ಚತದ."

ಸಿಟ್ಟಿನ ವಿಷಯ ಈಕೆಗೆ ಚೆನ್ನಾಗಿ ಗೊತ್ತು. ಮಕ್ಕಳಾಗಲಿಲ್ಲವೆಂದು ಗಂಡ ಭಗವಂತ ಈಕೆಯನ್ನು ಬಿಟ್ಟು, ಅತನೂರಿನಲ್ಲಿ ಕಸ್ತೂರಿಬಾಯಿಯ ಜೊತೆ ಸಂಸಾರ ಹೂಡಿದ. ಆಮೇಲೆ ಮಲ್ಕಮ್ಮ ಊರಿನವರೊಂದಿಗೆಲ್ಲ ಜಗಳ ಕಾದಳು, ನಿದ್ದೆಗೆಟ್ಟಳು. ಒಂದು ಬೇಸಿಗೆಯಲ್ಲಿ ಭೀಮಾ ಹೊಳೆ ದಾಟಿ ಬಂದ ಭಿಕ್ಷುವೊಬ್ಬರು, ತಮ್ಮ ತೇಪೆಯ ಹಳದಿ ಬಟ್ಟೆ ಹರಿದಿತ್ತೆಂದು ಈಕೆಯ ಮುಂದೆ ಕೂತರು.

"ಸೂಜಿ ಒಳಗ ಹೋಗಾಗ ಹೋತು ಅಂತ ನೋಡು, ಹೊರಗ ಬರಾಗ ಬಂತು ಅಂತ ನೋಡು ಅಂದ್ರು. ಸಿಟ್ಟು ಬಂದ್ರ ಅದನ್ನೂ ಹಂಗೇ ನೋಡಬೇಕಂತ. ಬುದ್ಧ ಅಂಬಾವ ಹಿಂಗೇ ಕುಂತು ನೋಡ್ಯಾನಂತ್ರಿ."

ಹೇಳುವುದು ಸುಲಭ. ಕಳೆದ ಚಳಿಗಾಲದಲ್ಲಿ ಕಸ್ತೂರಿಬಾಯಿ ತನ್ನ ಹಸುಗೂಸಿಗೆ ಕೌದಿ ಬೇಕೆಂದು, ಭಗವಂತನ ಹಳೆಯ ಧೋತರಗಳನ್ನು ಈಕೆಗೇ ಕಳಿಸಿದಳು. ಎಂಥ ಗುಂಡಿಗೆ ನೋಡಿ. ಮಲ್ಕಮ್ಮ ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ, ಬೆಲ್ಲ ಇಡುವುದು ಈ ಕೆಲಸದವರ ಪದ್ಧತಿ. ಹೊದ್ದವರು ಎಂದೂ ಹಸಿದಿರಬಾರದೆಂದು. ಆದರೆ ಮಲ್ಕಮ್ಮ ಆ ಮೂಲೆಯನ್ನು ಬರಿದಾಗಿಯೇ ಹೊಲಿದುಬಿಟ್ಟಳು.

"ಯಾರಿಗಿ ಗೊತ್ತಾಗತದ್ರಿ ಅದು? ಖುಷಿ ಆತು. ಆ ಖುಷೀನೂ ನೋಡಕೋತ ಕುಂತೆ. ಖುಷಿ ಎಲ್ಲೀದ್ರಿ, ಬರೀ ಉರಿ. ಆ ಕೂಸು ನನಗೇನ್ ಮಾಡ್ಯಾದ?"

ಮೂಲೆ ಬಿಚ್ಚಿದಳು. ತಾನು ತಿನ್ನಬೇಕಿದ್ದ ರೊಟ್ಟಿಯಲ್ಲೇ ಒಂದು ಚೂರು ಮುರಿದು, ಬೆಲ್ಲ ಸೇರಿಸಿಟ್ಟು ಮತ್ತೆ ಹೊಲಿದಳು. ತಾನೇ ಅತನೂರಿಗೆ ನಡೆದುಹೋಗಿ ಕೂಸಿಗೆ ಹೊದಿಸಿದಳು. ಕಸ್ತೂರಿಬಾಯಿ ಕಣ್ಣೀರು ಒರೆಸಿಕೊಂಡಳಂತೆ. ಭಗವಂತ ತಲೆ ಎತ್ತಲಿಲ್ಲ. ಮಲ್ಕಮ್ಮ ಎತ್ತಿದ ತಲೆ ಇಳಿಸದೆ ಊರಿಗೆ ಮರಳಿದಳು. ಕೇಳುತ್ತ ಕೂತ ನನಗೇ ಹೆಮ್ಮೆಯೆನಿಸಿತು.

ಇನ್ನೇನು ಆಸೆ ಇದೆ ಎಂದರೆ ನಗುತ್ತಾಳೆ. "ಏನೂ ಇಲ್ರಿ. ಕೂಸಿಗಿ ಹೊಚ್ಚಿ ಬಂದ ದಿನ ಹಾಸಿಗಿಗಿ ಬಿದ್ದಾಕಿಗಿ ಕೋಳಿ ಕೂಗಿದ ಮ್ಯಾಲೇ ಎಚ್ಚರಾತು. ಈಗ ದಿನಾ ಹಂಗೇ ನಿದ್ದಿ ಬರ್ತದ."