ನಾಲ್ಕು ವಾರಕ್ಕೊಂದು ಗುರುವಾರ

ಎಂಬತ್ತರ ದಶಕ ಮುಗಿಯುತ್ತಿತ್ತು. ನಾನು ಗುಲ್ಬರ್ಗಾದಲ್ಲಿ ಎಂ.ಎ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತ ನರೋಣಾದ ನಮ್ಮ ಮನೆಯಲ್ಲಿದ್ದೆ. ಆ ಮನೆಯಲ್ಲಿ ಅವ್ವ ಕೈ ಹಾಕದ ಜಾಗ ಒಂದೇ, ನನ್ನ ಪುಸ್ತಕದ ಟ್ರಂಕು. ಅದಕ್ಕೇ ಅಣ್ಣನ ಹೆಂಡತಿ, ನನ್ನ ವೈನಿ, ತನ್ನ ಗುಳಿಗೆಯ ಪಾಕೀಟನ್ನು ಅದರಲ್ಲಿ ಇಡಿಸಿದ್ದಳು.

ಎರಡನೆಯ ಹೆರಿಗೆಯಲ್ಲಿ ವೈನಿಗೆ ರಕ್ತ ನಿಂತಿರಲಿಲ್ಲ. ಮೂರು ವರ್ಷ ಬಸಿರಾಗಬಾರದೆಂದು ಡಾಕ್ಟರು ಹೇಳಿ ಕಳಿಸಿದ್ದರು. ಅಣ್ಣನನ್ನು ಕೇಳಿದರೆ, "ಅವ್ವನ್ನ ಕೇಳು" ಎಂದ. ಅವ್ವ ಆಗಲೇ ಘತ್ತರಗಿಯ ಭಾಗ್ಯವಂತಿಗೆ ಗಂಡು ಮೊಮ್ಮಗನಿಗಾಗಿ ಹರಕೆ ಹೊತ್ತಿದ್ದಳು. ಸರ್ಕಾರಿ ದವಾಖಾನೆಯ ಯಾವುದನ್ನೂ ಅವಳು ನಂಬುತ್ತಿರಲಿಲ್ಲ. ಮಕ್ಕಳಾಗದ ಆಪರೇಷನ್ನಿಗೆ ಗಂಡಸರನ್ನು ಜೀಪಿನಲ್ಲಿ ಒಯ್ಯುತ್ತಿದ್ದ ಕಾಲದಲ್ಲಿ ಅವಳ ತಮ್ಮ ಎರಡು ದಿನ ತೊಗರಿ ಹೊಲದಲ್ಲಿ ಅಡಗಿದ್ದನಂತೆ.

ದವಾಖಾನೆಯ ನರ್ಸಬಾಯಿಯಿಂದ ತಿಂಗಳಿಗೊಂದು ಪಾಕೀಟು ತರುವವಳು ನಾನು. ಇಪ್ಪತ್ತೊಂದು ಬಿಳಿ ಗುಳಿಗೆ, ಏಳು ಕಂದು. ಬಿಳಿಯವು ಬಸಿರು ತಡೆಯಲು, ಕಂದು ಬಣ್ಣದವು ರಕ್ತ ಹೆಚ್ಚಲು. ದಿನಾ ಮುಂಜಾನೆ ಒಂದನ್ನು ವೈನಿಯ ಅಂಗೈಯಲ್ಲಿಡುತ್ತಿದ್ದೆ. ಇಬ್ಬರೂ ಬಲು ಎಚ್ಚರದಿಂದಿದ್ದೆವು. ಒಂದನ್ನು ಮಾತ್ರ ಯೋಚಿಸಿರಲಿಲ್ಲ.

ನಮ್ಮ ಮನೆಯಲ್ಲಿ ಮುಟ್ಟಾದವರು ನಾಲ್ಕನೆಯ ದಿನ ತಲೆ ಮೇಲೆ ನೀರು ಹಾಕಿಕೊಂಡ ಮೇಲೆಯೇ ದೇವರ ಜಗಲಿ ಮುಟ್ಟಬೇಕು. ಹಂಡೆಗೆ ಉರಿ ಹಾಕುವವಳು ಅವ್ವ. ಅವಳಿಗೆ ತಾರೀಖು ತಿಳಿಯದು, ವಾರ ತಿಳಿಯುತ್ತದೆ. ಮೊದಲೆಲ್ಲ ವೈನಿಯ ತಲೆಸ್ನಾನ ಒಮ್ಮೆ ಸೋಮವಾರ, ಒಮ್ಮೆ ಶನಿವಾರ ಬರುತ್ತಿತ್ತು. ಗುಳಿಗೆ ಶುರುವಾದ ಮೇಲೆ ನಾಲ್ಕು ವಾರಕ್ಕೊಮ್ಮೆ, ತಪ್ಪದೆ ಗುರುವಾರ.

ಒಂದು ಗುರುವಾರ ಅವ್ವ ಒಲೆಯ ಬಾಯಿಗೆ ತೊಗರಿಕಟ್ಟಿಗೆ ತುರುಕುತ್ತ, "ಏನಬೇ, ಗಡಿಯಾರ ನುಂಗಿಯೇನು?" ಎಂದಳು. ವೈನಿ ನಕ್ಕಳು. ಅವ್ವ ನಗಲಿಲ್ಲ.

ಮುಂದಿನ ಸೋಮವಾರ ಅವಳು ನನ್ನೆದುರು ಬಂದು ಕುಳಿತಳು. "ಟ್ರಂಕಿನ ಕೀಲಿ ತೆಗಿ."

ಪುಸ್ತಕಗಳನ್ನು ಒಂದೊಂದಾಗಿ ಜಾಡಿಸಿದಳು. ಪಾಕೀಟು ಬಿತ್ತು. ನಾಲ್ಕು ಗುಳಿಗೆ ಖಾಲಿಯಾಗಿದ್ದವು. ವೈನಿ ಕೂಸನ್ನೆತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಇವು ಯಾರವು?"

"ನನ್ನವು," ಎಂದೆ. "ತಿಂಗಳ ಸರಿಯಾಗಿ ಆಗಲಿ ಅಂತ ಗುಲ್ಬರ್ಗಾದ ಡಾಕ್ಟರು ಕೊಟ್ಟಾರ."

ಮದುವೆಯಾಗದ ಹುಡುಗಿ ಹೇಳಬಹುದಾದ ಸುಳ್ಳು ಅದೊಂದೇ ಇತ್ತು. ಅವ್ವ ನನ್ನನ್ನು ನೋಡಿದಳು, ವೈನಿಯನ್ನು ನೋಡಿದಳು, ಪಾಕೀಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹಂಗಾದ್ರ ತಪ್ಪಿಸಬಾರದು. ದಿನಾ ಚಹಾ ಆದ ಮ್ಯಾಲೆ ನನ್ನ ಮುಂದ ನುಂಗು."

ಹದಿನೇಳು ದಿನ ನುಂಗಿದೆ. ನಾಲಿಗೆಯ ಕೆಳಗಿಟ್ಟುಕೊಂಡು ಆಮೇಲೆ ತೆಗೆದಿಡೋಣವೆಂದರೆ, ಅವ್ವ ತಂಬಿಗೆ ನೀರು ಕುಡಿಸಿ, "ಈಗ ಮಾತಾಡು" ಎನ್ನುತ್ತಿದ್ದಳು. ನಾನು ಏನಾದರೂ ಮಾತಾಡುತ್ತಿದ್ದೆ. ವೈನಿ ರೊಟ್ಟಿ ಬಡಿಯುತ್ತ ತನ್ನ ಗುಳಿಗೆ ನನ್ನ ಗಂಟಲಿಗೆ ಇಳಿಯುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಕಂದು ಗುಳಿಗೆಗಳ ಸರದಿ ಬಂದಾಗ, "ಇವು ಬ್ಯಾಡ, ಸಾಕು" ಎಂದೆ. ಅವ್ವ ಒತ್ತಾಯಿಸಲಿಲ್ಲ.

ಆ ತಿಂಗಳು ನರ್ಸಬಾಯಿ ಬಂದಾಗ ಅವ್ವ ಹೊರಗಿನ ಕಟ್ಟೆಯಲ್ಲೇ ಕೂಡಿಸಿ ಚಹಾ ಕೊಟ್ಟಳು. "ನಮ್ಮ ಮನ್ಯಾಗ ಈಗೇನೂ ಬೇಕಾಗಿಲ್ರಿ ಬಾಯಿ." ನಾನು ಒಳಗೆ ನಿಂತು ಕೇಳಿದೆ. ನಾನು ಅಂಚೆ ಡಬ್ಬಿಯವರೆಗೆ ಹೊರಟರೂ ಅವ್ವ ಜೊತೆಗೆ ಬರಲು ಚಪ್ಪಲಿ ಮೆಟ್ಟುತ್ತಿದ್ದಳು.

ವೈನಿ ಒಮ್ಮೆ ಮಾತ್ರ ಕೇಳಿದಳು. "ನೀ ನನ್ನ ಹೆಸರು ಹೇಳಿದ್ರ ಏನಾಗ್ತಿತ್ತು?"

"ನಿಮ್ಮನ್ನ ತವರಿಗೆ ಕಳಿಸ್ತಿದ್ಳು, ವೈನಿ."

"ಕಳಿಸಿದ್ರ ನಮ್ಮ ಜೇವರ್ಗಿಯೊಳಗೂ ನರ್ಸಬಾಯಿ ಇದ್ದಾಳಲ್ಲ."

ಅದು ನನಗೆ ಹೊಳೆದೇ ಇರಲಿಲ್ಲ.

ಅವಳ ಮುಂದಿನ ತಲೆಸ್ನಾನ ಒಂದು ರವಿವಾರ ಬಂತು. "ಗಡಿಯಾರ ಕೆಟ್ಟಂಗ ಕಾಣ್ತದ," ಎಂದು ಅವ್ವ ತಾನೇ ನೀರು ತೋಡಿಕೊಟ್ಟಳು. ಅದರಾಚಿನದು ಬರಲೇ ಇಲ್ಲ. ಐದು ವಾರವಾಯಿತು, ಆರಾಯಿತು. ವೈನಿ ಮುಂಜಾನೆ ಹಿತ್ತಲಲ್ಲಿ ಓಕರಿಸುವ ಸದ್ದು ಎಲ್ಲರಿಗೂ ಕೇಳಿತು.

ಆ ದಿನ ಚಹಾ ಆದ ಮೇಲೆ ಅವ್ವ ಸೊಂಟದಿಂದ ಹಳೆಯ ಪಾಕೀಟು ತೆಗೆದು ನನ್ನ ಕೈಗಿಟ್ಟಳು. ಏಳು ಕಂದು ಗುಳಿಗೆಗಳು ಹಾಗೆಯೇ ಇದ್ದವು.

"ಇವು ರಕ್ತಕ್ಕ ಚಲೋ. ನಿನ್ನ ವೈನಿಗೆ ಕೊಡು, ಇನ್ನ ಬೇಕಾಗ್ತಾವ ಆಕಿಗೆ."

ಅವು ರಕ್ತದ ಗುಳಿಗೆಯೆಂದು ಅವ್ವನಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಪಾಕೀಟನ್ನು ಹಿಡಿದು ಅಡುಗೆಮನೆಗೆ ಹೋದೆ. ವೈನಿ ಕೈಯೊಡ್ಡಲಿಲ್ಲ. ಒಲೆಯ ಪಕ್ಕದ ಗೂಡಿನಲ್ಲಿ, ಎಲ್ಲರಿಗೂ ಕಾಣುವಂತೆ, ಇಟ್ಟು ಬಂದೆ.