ದೊಡ್ಡಮ್ಮನ ಕಾಲು ಹಾರ್ಮೋನಿಯಂ

ಹೋದ ವಾರ ಮನೆಗೆ ಬಣ್ಣ ಹೊಡೆಸಲೆಂದು ಬೀರು ಸರಿಸಿದಾಗ ಅದರ ಹಿಂದೆ ಬಿದ್ದಿದ್ದ ಒಂದು ಹಳೆಯ ಪೌಡರ್ ಡಬ್ಬ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆದೆ. ಒಳಗೆ ಎರಡು ಸೇಫ್ಟಿ ಪಿನ್ನು, ಒಂದು ಗುಂಡಿ, ಕಿರುಬೆರಳಿನ ಅರ್ಧದಷ್ಟು ಉಳಿದ ಸೀಮೆಸುಣ್ಣದ ತುಂಡು. ಮೂಗಿಗೆ ಹಿಡಿದೆ. ಸೀಮೆಸುಣ್ಣವೆಂದರೆ ಶಾಲೆಯ ವಾಸನೆ ಬರಬೇಕು. ನನಗೆ ಬಂದದ್ದು ಎರ್ನಾಕುಲಂನ ಒಂದು ಮನೆಯ ನಡುಕೋಣೆಯ ವಾಸನೆ... ಫಿಲ್ಟರ್ ಕಾಫಿ, ಹಿನ್ನೀರಿನ ಗಾಳಿಯ ತೇವ, ಹಳೆಯ ತಿದಿಯ ಚರ್ಮದ ಮುಗ್ಗಲು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಕೊಚ್ಚಿಗೆ ಹಾಕಿದ್ದರು. ನಮ್ಮಪ್ಪ ಚನ್ನಪಟ್ಟಣದ ಕಡೆಯ ಹಳ್ಳಿಯಲ್ಲಿ ಹಗ್ಗ ಹೊಸೆದು ಸಂತೆಯಲ್ಲಿ ಮಾರುತ್ತಿದ್ದವರು. ನಮ್ಮ ವಂಶದಲ್ಲಿ ಬಿ.ಎ. ಎಂಬ ಎರಡಕ್ಷರ ಬರೆದುಕೊಂಡವಳು ನಾನೇ ಮೊದಲು. ಇದನ್ನು ಹೇಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ, ಈಗಲೂ ಇಲ್ಲ. ಕೇಳುವವರಿಗೆ ಜಂಬ ಅನ್ನಿಸಿದರೆ ಅನ್ನಿಸಲಿ. ಆ ಜಂಬಕ್ಕೆ ನಮ್ಮಪ್ಪನ ಅಂಗೈಯ ಚರ್ಮ ಸವೆದಿದೆ.

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿಯಾಗಿದ್ದ ಮೈಸೂರು ಕಡೆಯವರೊಬ್ಬರ ಮನೆಯಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕಿತು. ನಾನು ಟ್ರಂಕು ಹಿಡಿದು ಹೋದಾಗ ಆ ಮನೆಯಾಕೆ ಅಡುಗೆಮನೆಯಲ್ಲಿದ್ದರು. ಐವತ್ತು ದಾಟಿದ, ಎತ್ತರದ, ಕೈಕಾಲು ಉದ್ದದ ಹೆಂಗಸು. ನಾನು ಅಭ್ಯಾಸದಂತೆ ಹೊಸ್ತಿಲಾಚೆಯೇ ನಿಂತು, "ಅಮ್ಮಾವ್ರೇ" ಅಂದೆ.

"ಅಮ್ಮಾವ್ರು ಗಿಮ್ಮಾವ್ರು ಎಲ್ಲ ನಿಮ್ಮೂರಲ್ಲಿ ಬಿಟ್ಟು ಬಾ. ದೊಡ್ಡಮ್ಮ ಅನ್ನು. ಒಳಗೆ ಬಾ ಮೊದಲು, ಕಾಫಿ ಆರಿ ಹೋಗ್ತದೆ."

ಅಷ್ಟೇ. ಮತ್ತೆ ಆ ಹೊಸ್ತಿಲ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಟ್ರಂಕಿನಲ್ಲಿ ನನ್ನ ಘಟಿಕೋತ್ಸವದ ಫೋಟೋ ಇತ್ತು, ಕರಿಯ ಗೌನು ತೊಟ್ಟು ಸುತ್ತಿದ ಕಾಗದ ಹಿಡಿದು ನಿಂತದ್ದು. ಅದನ್ನು ನನ್ನ ಕೋಣೆಯಲ್ಲಿ ಹಾಕಲು ಮೊಳೆ ಕೇಳಿದೆ. ದೊಡ್ಡಮ್ಮ ಫೋಟೋ ಕಿತ್ತುಕೊಂಡು ಹೋಗಿ ನಡುಮನೆಯಲ್ಲಿ, ಯಜಮಾನರ ಘಟಿಕೋತ್ಸವದ ಫೋಟೋ ಪಕ್ಕದಲ್ಲೇ ತೂಗುಹಾಕಿದರು. "ಈ ಮನೇಲಿ ಗ್ರಾಜುಯೇಟ್ ಅಂತ ಇರೋದು ಇಬ್ಬರೇ. ಇನ್ನೊಬ್ಬರದ್ದು ಆಗಲೇ ಗೋಡೆ ಮೇಲಿದೆ" ಅಂದರು. ಯಜಮಾನರು ಪೇಪರಿನ ಹಿಂದಿನಿಂದ ಒಮ್ಮೆ ನೋಡಿ ಪುಟ ತಿರುವಿದರು.

ಒಂದು ಭಾನುವಾರ ಪರದೆ ಕಟ್ಟುವ ಹಿತ್ತಾಳೆಯ ಕೋಲು ಕೊಳ್ಳಲೆಂದು ನಾವಿಬ್ಬರೂ ದೋಣಿ ಹತ್ತಿ ಫೋರ್ಟ್ ಕೊಚ್ಚಿಗೆ ಹೋದೆವು. ಬಂದರಿನ ವ್ಯಾಪಾರ ಮುಚ್ಚಿ ಹೊರಟುಹೋದ ಬಿಳಿಯ ದೊರೆಗಳ ಮನೆಯ ಸಾಮಾನುಗಳೆಲ್ಲ ಅಲ್ಲಿನ ಹಳೇ ಸಾಮಾನಿನ ಅಂಗಡಿಗಳಿಗೆ ಬಂದು ಬೀಳುತ್ತಿದ್ದ ಕಾಲ. ಅಂಥದೊಂದು ಅಂಗಡಿಯ ಮೂಲೆಯಲ್ಲಿ, ಮುರಿದ ಕನ್ನಡಿಯೊಂದರ ಹಿಂದೆ, ಕಪ್ಪು ಮರದ ಎತ್ತರದ ಪೆಟ್ಟಿಗೆ ನಿಂತಿತ್ತು. ಕೆಳಗೆ ಕಾಲಿನಿಂದ ತುಳಿಯುವ ಎರಡು ಹಲಗೆ. ದೊಡ್ಡಮ್ಮ ಕೋಲಿನ ಮಾತು ಅರ್ಧಕ್ಕೇ ಬಿಟ್ಟು ಅದರ ಮುಂದೆ ಹೋಗಿ ನಿಂತರು.

"ಚೇಚಿ, ಇದು ಪಳ್ಳೀಲೆ ಪೆಟ್ಟಿಯಾಣು" ಅಂದ ಅಂಗಡಿಯವನು. ಅಕ್ಕಾ, ಇದು ಯಾವುದೋ ಇಗರ್ಜಿಯ, ಅಂದರೆ ಚರ್ಚಿನ, ಪೆಟ್ಟಿಗೆ ಅಂತ.

"ಇಗರ್ಜಿಯದಲ್ಲ ಕಣೇ ಹುಡುಗಿ" ಅಂದರು ದೊಡ್ಡಮ್ಮ ನನ್ನತ್ತ ತಿರುಗಿ. "ಇದು ನಮ್ಮ ಮಾವನದು."

ಅವರ ಸೋದರಮಾವ ಒಂದು ನಾಟಕ ಕಂಪನಿಯಲ್ಲಿ ಇಂಥದೇ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ಕಂಪನಿ ಊರ ಹತ್ತಿರ ಕ್ಯಾಂಪು ಹಾಕಿದಾಗಲೆಲ್ಲ ಹಗಲು ಹೊತ್ತು ಈ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆರಳು ಹಿಡಿದು ಸ್ವರದ ಮನೆಗಳನ್ನು, ಅಂದರೆ ಒತ್ತುವ ಪಟ್ಟಿಗಳನ್ನು, ತೋರಿಸಿಕೊಟ್ಟಿದ್ದರು. ಕಾಲು ನೆಲಕ್ಕೆ ಎಟಕುವಷ್ಟು ಉದ್ದವಾಗುವ ಹೊತ್ತಿಗೆ, ಮನೆತನಸ್ಥರ ಹೆಣ್ಣು ನಾಟಕದವರ ಪೆಟ್ಟಿಗೆ ಮುಟ್ಟಬಾರದೆಂದು ಅಜ್ಜಿ ಬಾಗಿಲು ಹಾಕಿದರು. ಆಮೇಲೆ ಮದುವೆ, ವರ್ಗ, ಮಕ್ಕಳು, ವರ್ಗ... ಅಂಗಡಿಯಲ್ಲಿ ದೊಡ್ಡಮ್ಮ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಕೂತು ತುಳಿದರು. ಮೊದಲು ಬರೀ ಗಾಳಿ. ಆಮೇಲೆ ಒಂದೆರಡು ತಪ್ಪು ಸ್ವರ. ಆಮೇಲೆ ಪರದೆ ಏಳುವ ಮುಂಚೆ ಕಂಪನಿಗಳಲ್ಲಿ ನುಡಿಸುತ್ತಾರಲ್ಲ, ಜನ ಬೀಡಿ ಆರಿಸಿ ನೆಟ್ಟಗೆ ಕೂರುವ ಹಾಗೆ, ಅದು ಬಂತು. ಅಂಗಡಿಯವನು ಬಾಯಿ ತೆರೆದು ನಿಂತ.

ಕೋಲು ಕೊಳ್ಳಲಿಲ್ಲ. ಪೆಟ್ಟಿಗೆ ಕೊಂಡೆವು. ದುಡ್ಡು ಎಲ್ಲಿಯದೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅದನ್ನು ವಳ್ಳದಲ್ಲಿ, ಅಂದರೆ ಅಲ್ಲಿನ ಸರಕು ದೋಣಿಯಲ್ಲಿ, ಹಗ್ಗ ಬಿಗಿದು ದಾಟಿಸಿದರು. ದೋಣಿಯವರು "ಪತುಕ್ಕೆ, ಪತುಕ್ಕೆ" ಎನ್ನುತ್ತ ಮೆಲ್ಲಗೆ ಇಳಿಸುವಾಗ ಹಗ್ಗದ ಗಂಟು ಸಡಿಲವಾಗಿದ್ದು ಕಂಡು ನಾನೇ ನೀರಿಗಿಳಿದು ಬಿಗಿದೆ. ಹಗ್ಗದ ಮನೆಯ ಮಗಳು ಬಿ.ಎ. ಮಾಡಿದ ಮಾತ್ರಕ್ಕೆ ಗಂಟು ಮರೆಯುತ್ತಾಳೆಯೇ?

ಮನೆಯಲ್ಲಿ ರಂಪ. "ಇದೇನು, ಇಗರ್ಜೀನ ಮನೆಗೇ ತಂದ್ಯಾ?" ಅಂದರು ಯಜಮಾನರು. ಕಾಲೇಜಿಗೆ ಹೋಗುತ್ತಿದ್ದ ಮಗಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುವವಳು, "ಅಮ್ಮಯ್ಕು ವಟ್ಟಾಣು" ಎಂದು ಹಣೆಯ ಪಕ್ಕ ಬೆರಳು ತಿರುಗಿಸಿದಳು. ಪಕ್ಕದ ಮನೆಯ ಚೇಚಿ ಬೇಲಿಯ ಮೇಲೆ ಬಗ್ಗಿ, ಮತ ಬದಲಾಯಿಸಿದಿರಾ ಎಂದು ಮೆಲ್ಲಗೆ ಕೇಳಿಹೋದಳು. ಕನ್ನಡದ ಹೆಂಗಸರು ಅರಿಸಿನ ಕುಂಕುಮಕ್ಕೆ ಬಂದಾಗ ನಾಟಕದವರ ಪೆಟ್ಟಿಗೆಯೆಂದು ಮೂಗು ಮುರಿದರು. ಕೇರಳದವರಿಗೆ ಅದು ಇಗರ್ಜಿ, ನಮ್ಮವರಿಗೆ ಅದು ಕಂಪನಿ. ದೊಡ್ಡಮ್ಮ ಇಬ್ಬರಿಗೂ ಉಪ್ಪಿಟ್ಟು ಕೊಟ್ಟು, ಅವರು ಎದ್ದು ಹೋದ ಮೇಲೆ ಬಾಗಿಲು ತೆರೆದಿಟ್ಟೇ ನುಡಿಸಿದರು.

ಸಂಜೆ ಯಜಮಾನರು ಬಂದು ಆರಾಮ ಕುರ್ಚಿಯಲ್ಲಿ ಕೂತು ರೇಡಿಯೋ ಹಾಕುತ್ತಿದ್ದರು. ಮೊದಮೊದಲು ವಾರ್ತೆ ಶುರುವಾದರೆ ದೊಡ್ಡಮ್ಮ ಕೈ ಎತ್ತುತ್ತಿದ್ದರು. ಕೆಲವು ತಿಂಗಳ ಮೇಲೆ ಎತ್ತುವುದನ್ನು ಬಿಟ್ಟರು. ಯಜಮಾನರು ರೇಡಿಯೋ ಜೋರು ಮಾಡಿದರೆ ಇವರು ಇನ್ನಷ್ಟು ತುಳಿಯುತ್ತಿದ್ದರು. ನಾನು ಬ್ಯಾಂಕಿನ ಪರೀಕ್ಷೆಗೆ ಓದುತ್ತ ಕೂತಿರುತ್ತಿದ್ದೆ. ಅಂಥ ಗದ್ದಲದಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಎಂದೂ ಓದಿದವಳಲ್ಲ.

ಆಮೇಲೆ ಯಜಮಾನರಿಗೆ ತಿರುವನಂತಪುರಕ್ಕೆ ವರ್ಗವಾಯಿತು.

ವರ್ಗದ ಮನೆಗಳ ಪದ್ಧತಿ ನಿಮಗೆ ಹೇಳಬೇಕು. ಹೋಗುವವರು ಭಾರದ ಸಾಮಾನುಗಳನ್ನು ಹೊರುವುದಿಲ್ಲ, ಅವರ ಜಾಗಕ್ಕೆ ಬರುವವರಿಗೆ ಮಾರಿಬಿಡುತ್ತಾರೆ. ಬರುವ ಅಧಿಕಾರಿಯ ಹೆಂಡತಿ ಒಂದು ದಿನ ಬಂದು, ಕಾಫಿ ಕುಡಿದು, ಬೇಕಾದ ಸಾಮಾನಿಗೆ ಸೀಮೆಸುಣ್ಣದಲ್ಲಿ ಅಡ್ಡಡ್ಡ ಎರಡು ಗೆರೆಯ ಕತ್ತರಿ ಗುರುತು ಹಾಕಿ ಹೋಗುತ್ತಾಳೆ. ಗುರುತು ಬಿತ್ತೆಂದರೆ ಮುಗಿಯಿತು, ಅದು ಅವರದು. ಹೀಗೆ ನಾಗಪುರದಲ್ಲಿ ದೊಡ್ಡಮ್ಮನ ಗೊಂಬೆ ಕೂರಿಸುವ ಮೆಟ್ಟಿಲು ಹೋಗಿತ್ತು, ಮದರಾಸಿನಲ್ಲಿ ಮಕ್ಕಳಿಬ್ಬರನ್ನೂ ತೂಗಿದ ತೊಟ್ಟಿಲು. ರೇಡಿಯೋ, ಆರಾಮ ಕುರ್ಚಿ, ಪುಸ್ತಕದ ಕಪಾಟು ಮಾತ್ರ ಪ್ರತಿ ಊರಿಗೂ ಬರುತ್ತಿದ್ದವು. "ಯಾವುದು ಭಾರ ಅನ್ನೋದನ್ನ ತೂಕ ಹಾಕಿ ನೋಡಿದವರು ಯಾರೂ ಇಲ್ಲ ಕಣೇ" ಎಂದು ಒಮ್ಮೆ ದೊಡ್ಡಮ್ಮ ಅಂದಿದ್ದರು.

ಆವತ್ತು ನಾವು ತರಕಾರಿ ತಂದು ಒಳಗೆ ಬಂದರೆ, ಧಾರವಾಡದ ಕಡೆಯ ಒಬ್ಬ ಹೆಂಗಸು ನಡುಮನೆಯಲ್ಲಿ ಕೂತಿದ್ದಳು. ಹೊಸ ಅಧಿಕಾರಿಯ ಹೆಂಡತಿ. ಹೇಳಿದ ದಿನಕ್ಕಿಂತ ಮುಂಚೆಯೇ ಬಂದಿದ್ದಳು. ಮಂಚಕ್ಕೆ ಗುರುತು, ಊಟದ ಮೇಜಿಗೆ ಗುರುತು. ಹಾರ್ಮೋನಿಯಂನ ಕಪ್ಪು ಮರದ ಮೇಲೂ ಬೆಳ್ಳಗೆ ಒಂದು ಕತ್ತರಿ.

ದೊಡ್ಡಮ್ಮ ತರಕಾರಿ ಚೀಲ ನನ್ನ ಕೈಗೆ ಕೊಟ್ಟರು.

"ಅಲ್ಲಿ ಕ್ವಾರ್ಟರ್ಸು ಚಿಕ್ಕದು" ಅಂದರು ಯಜಮಾನರು ಕುರ್ಚಿಯಿಂದ. "ಇವರ ಮಗಳು ಸಂಗೀತ ಕಲೀತಾಳಂತೆ. ಪಾಪ, ಉಪಯೋಗ ಆಗ್ತದೆ."

ಜಗಳ ಶುರುವಾಗುತ್ತದೆಂದು ನಾನು ಅಂದುಕೊಂಡೆ. ದೊಡ್ಡಮ್ಮ ಒಳಗೆ ಹೋಗಿ, ಆ ಹೆಂಗಸಿಗೆ ಇನ್ನೊಂದು ಲೋಟ ಕಾಫಿ ತಂದರು. ಮಕ್ಕಳೆಷ್ಟು, ಪ್ರಯಾಣ ಹೇಗಾಯಿತು ಎಲ್ಲ ವಿಚಾರಿಸಿದರು. ಆಮೇಲೆ, "ಆ ಸೀಮೆಸುಣ್ಣ ಸ್ವಲ್ಪ ಕೊಡ್ತೀಯಾಮ್ಮ?" ಎಂದು ಕೈ ಚಾಚಿದರು.

ಮೊದಲು ರೇಡಿಯೋ. ಅದರ ಬಟ್ಟೆಯ ಮುಖದ ಮೇಲೆ ದೊಡ್ಡ ಕತ್ತರಿ. ಆಮೇಲೆ ಪುಸ್ತಕದ ಕಪಾಟು. ಛತ್ರಿ ನಿಲ್ಲಿಸುವ ಸ್ಟ್ಯಾಂಡು. ಕ್ಷೌರದ ಕನ್ನಡಿ. ಆಮೇಲೆ ಯಜಮಾನರು ಕೂತಿದ್ದ ಹಾಗೆಯೇ ಆರಾಮ ಕುರ್ಚಿಯ ಎರಡೂ ತೋಳಿಗೆ ಒಂದೊಂದು. "ಏನೇ ಇದು, ಏನೇ ಇದು" ಎನ್ನುತ್ತ ಅವರು ಕೈ ಮೇಲೆತ್ತಿಕೊಂಡರು. ಕೊನೆಗೆ ದೊಡ್ಡಮ್ಮ ಗೋಡೆಯ ಹತ್ತಿರ ಹೋಗಿ, ಯಜಮಾನರ ಘಟಿಕೋತ್ಸವದ ಫೋಟೋದ ಗಾಜಿನ ಮೇಲೆ, ಆ ಕರಿಯ ಗೌನಿಗೆ ಅಡ್ಡಲಾಗಿ, ಸಾವಕಾಶವಾಗಿ ಕತ್ತರಿ ಎಳೆದರು. ಪಕ್ಕದ ನನ್ನ ಫೋಟೋ ಮುಟ್ಟಲಿಲ್ಲ.

"ಅಯ್ಯ ಶಿವನ, ಫೋಟೋ ತಗೊಂಡು ನಾವೇನ್ ಮಾಡೂಣ್ರೀ?" ಅಂದಳು ಧಾರವಾಡದಾಕೆ.

"ಭಾರ ಕಣಮ್ಮ. ಅಲ್ಲಿ ಕ್ವಾರ್ಟರ್ಸು ಚಿಕ್ಕದು."

ಜೆಟ್ಟಿಯ ಕಡೆಯಿಂದ ದೋಣಿಯ ಶಿಳ್ಳು ಕೇಳಿಸಿತು. ನನ್ನ ಕೈಯ ಚೀಲದಿಂದ ಒಂದು ಪಡವಲಕಾಯಿ ಜಾರಿತು, ಹಿಡಿದುಕೊಂಡೆ. ನಗು ಬರುತ್ತಿತ್ತು, ಆದರೆ ದೊಡ್ಡಮ್ಮನ ಮುಖದಲ್ಲಿ ನಗು ಇರಲಿಲ್ಲ. ಬಿಟ್ಟುಕೊಟ್ಟರೆ ಇನ್ನು ಮುಂದೆ ತನ್ನದೆಂದು ಏನೂ ಉಳಿಯುವುದಿಲ್ಲವೆಂದು ಗೊತ್ತಿದ್ದ ಮುಖ ಅದು. ಅಂಥ ಮುಖವನ್ನು ನಾನು ನೋಡಿದ್ದೆ. ನನ್ನ ಓದು ಬಿಡಿಸಿ ಮದುವೆ ಮಾಡೆಂದು ಊರವರು ಬಂದು ಕೂತ ದಿನ ನಮ್ಮಪ್ಪನದು.

"ಅದನ್ನು ಅಳಿಸು ಮತ್ತೆ, ಹೋಗಲಿ" ಅಂದರು ಯಜಮಾನರು ಹಾರ್ಮೋನಿಯಂ ಕಡೆ ಗದ್ದ ಎತ್ತಿ.

"ನಾನು ಅಳಿಸಲ್ಲ. ಹಾಕಿಸಿದವರು ಅಳಿಸಲಿ."

ಯಜಮಾನರು ಎದ್ದರು. ಹೆಗಲ ಮೇಲಿನ ಟವೆಲ್ಲು ತೆಗೆದು, ಬಗ್ಗಿ, ಕಪ್ಪು ಮರದ ಮೇಲಿನ ಗುರುತನ್ನು ಒರೆಸಿದರು. ಒಂದು ಸಲಕ್ಕೆ ಹೋಗಲಿಲ್ಲ. ಟವೆಲ್ಲಿನ ತುದಿ ಒದ್ದೆ ಮಾಡಿಕೊಂಡು ಬಂದು ಮತ್ತೆ ಒರೆಸಿದರು. ದೊಡ್ಡಮ್ಮ ಆಗ ಸೆರಗಿನಿಂದ ಫೋಟೋದ ಗಾಜು ಒರೆಸಿ, ರೇಡಿಯೋ, ಕಪಾಟು, ಕನ್ನಡಿ ಎಲ್ಲದರ ಗುರುತನ್ನೂ ತೆಗೆದರು. ಕುರ್ಚಿಯದನ್ನು ಮಾತ್ರ ಬಿಟ್ಟರು. ಹೊಸ ಮನೆಯಲ್ಲಿ ಕುರ್ಚಿ, ಪೆಟ್ಟಿಗೆ ಎರಡರಲ್ಲಿ ಒಂದಕ್ಕೇ ಜಾಗ. ಆರಾಮ ಕುರ್ಚಿ ಧಾರವಾಡದವರ ಪಾಲಾಯಿತು.

ಸಾಮಾನಿನ ಲಾರಿ ಹೊರಟ ದಿನ ದೊಡ್ಡಮ್ಮ ಆ ಸೀಮೆಸುಣ್ಣದ ತುಂಡನ್ನು ನನ್ನ ಕೈಗೆ ಹಾಕಿದರು. "ಇಟ್ಕೋ. ಯಾರಾದ್ರೂ ನಿನ್ನದಕ್ಕೆ ಗುರುತು ಹಾಕೋಕೆ ಬಂದರೆ ಅಳಬೇಡ. ಮೊದಲು ಅವರ ಕುರ್ಚಿಗೆ ಹಾಕು."

ಹಾಕಿದ್ದೇನೆ. ನನ್ನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು, ಮದುವೆಯಾದ ಮೇಲೆ ಹುಡುಗಿ ಬ್ಯಾಂಕು ಬಿಡಬೇಕು ಅಂದರು. ಹುಡುಗನೇ ಕೆಲಸ ಬಿಡಲಿ, ನನ್ನ ಸಂಬಳದಲ್ಲಿ ಮನೆ ನಡೆಯುತ್ತದೆ ಅಂದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಹೋಗಲಿ. ಆಮೇಲೆ ಬಂದವರು ಕಾಫಿ ಪೂರ್ತಿ ಕುಡಿದರು.

ತಿರುವನಂತಪುರಕ್ಕೆ ಒಮ್ಮೆ ಹೋಗಿದ್ದೆ. ಕನ್ನಡದವರ ಕೂಟದಲ್ಲಿ ನಾಟಕವಿತ್ತು. ತುಂಬದ ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡುವ ಹುಡುಗರು ಮೀಸೆ ಅಂಟಿಸಿಕೊಂಡು ರಾಜರಾಗಿದ್ದರು. ರಂಗದ ಕೆಳಗೆ, ಕಂಪನಿಯ ಹಾರ್ಮೋನಿಯಂ ಮೇಷ್ಟ್ರುಗಳು ಕೂರುತ್ತಿದ್ದ ಹಾಗೆಯೇ, ಸಭೆಗೆ ಬೆನ್ನು ಹಾಕಿ ದೊಡ್ಡಮ್ಮ ಕೂತಿದ್ದರು. ಅದೇ ಕಪ್ಪು ಪೆಟ್ಟಿಗೆ. ಯಾರು ಏನಂದುಕೊಂಡರೋ, ಅವರಿಗೆ ಕಂಡದ್ದು ಆ ನೆಟ್ಟನೆಯ ಬೆನ್ನು ಮಾತ್ರ. ಯಜಮಾನರು ಮೊದಲ ಸಾಲಿನಲ್ಲಿ ಮರದ ಕುರ್ಚಿಯ ಮೇಲೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತಾಳ ತಪ್ಪುತ್ತಿತ್ತು...

ದೊಡ್ಡಮ್ಮ ಹೋದ ಸುದ್ದಿ ನನಗೆ ತಡವಾಗಿ ತಲುಪಿತು. ನಾನು ಹೋಗುವ ಹೊತ್ತಿಗೆ ಕರ್ಮಗಳೆಲ್ಲ ಮುಗಿದಿದ್ದವು. ಯಜಮಾನರು ನಿವೃತ್ತರಾಗಿ ಮೈಸೂರಿಗೆ ಹೊರಡುವವರಿದ್ದರು. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಯಾರೋ ದೀರ್ಘವಾಗಿ ಉಸಿರೆಳೆದು ಬಿಡುವಂಥ ಸದ್ದು.

ಯಜಮಾನರು ಹಾರ್ಮೋನಿಯಂ ಮುಂದೆ ಕೂತು ತುಳಿಯುತ್ತಿದ್ದರು. ಕೈ ಎರಡೂ ತೊಡೆಯ ಮೇಲಿದ್ದವು. ಒಂದು ಮನೆಯನ್ನೂ ಒತ್ತದೆ ಸುಮ್ಮನೆ ತುಳಿಯುತ್ತಿದ್ದರು.

"ತುಳೀದೆ ಬಿಟ್ಟರೆ ತಿದಿ ಬಿರುಕು ಬಿಡ್ತದೆ ಅಂತಿದ್ದಳು" ಅಂದರು, ನಿಲ್ಲಿಸದೆ. "ನುಡಿಸೋದು ನನಗೆ ಬರಲ್ಲವಲ್ಲಮ್ಮ."

ಸುತ್ತ ನೋಡಿದೆ. ಮಂಚ, ಮೇಜು, ರೇಡಿಯೋ, ಪುಸ್ತಕದ ಕಪಾಟು, ಎಲ್ಲದರ ಮೇಲೂ ಕತ್ತರಿ ಗುರುತು. ಕೊಳ್ಳುವವರು ಇನ್ನೂ ಬಂದಿರಲಿಲ್ಲ. ಯಜಮಾನರೇ ಹಾಕಿದ್ದು. ಗುರುತಿಲ್ಲದ್ದು ಆ ಮನೆಯಲ್ಲಿ ಅದೊಂದೇ.

ಈಗ ಯಜಮಾನರೂ ಇಲ್ಲ. ಪೆಟ್ಟಿಗೆ ಮೈಸೂರಿನವರೆಗೆ ಬಂತೆಂದು ಗೊತ್ತು, ಆಮೇಲೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅದರ ಮುಂದೆ ಕೂರುವವರು ಹೋದ ಮೇಲೆ ಪೆಟ್ಟಿಗೆಯನ್ನು ಹುಡುಕಿಕೊಂಡು ಏನು ಮಾಡಲಿ... ಆ ಕಾಲಿನ ಸದ್ದು ನನಗಿನ್ನು ಸಿಗುವುದಿಲ್ಲ.

ಬಣ್ಣದವರು ನಿನ್ನೆ ಕೆಲಸ ಮುಗಿಸಿದರು. ಇಳಿಸಿಟ್ಟ ಫೋಟೋಗಳನ್ನು ಮತ್ತೆ ಹಾಕುವಾಗ ಮಗ ನನ್ನ ಘಟಿಕೋತ್ಸವದ ಫೋಟೋ ಹಿಡಿದು, "ಅಮ್ಮ, ಇದು ತುಂಬಾ ಹಳೇದಾಯ್ತು, ಹೊಸ ಗೋಡೆಗೆ ಚೆನ್ನಾಗಿ ಕಾಣಲ್ಲ, ನಿನ್ನ ರೂಮಲ್ಲಿ ಹಾಕೋಣ" ಅಂದ. ಒಳ್ಳೆಯ ಮಾತಿನಲ್ಲೇ ಅಂದ. ಹಾಲಿನಲ್ಲಿ ಅವನ ಹೊಸ ದೊಡ್ಡ ಟೀವಿ ಇನ್ನೂ ಪೂರ್ತಿ ಬಿಚ್ಚದೆ ನಿಂತಿತ್ತು. ನಾನು ಡಬ್ಬ ತೆರೆದು ಸೀಮೆಸುಣ್ಣ ತೆಗೆದೆ. ಹೋಗಿ ಟೀವಿಯ ಕಪ್ಪು ಅಂಚಿನ ಮೇಲೆ ಒಂದು ಸಣ್ಣ ಕತ್ತರಿ ಎಳೆದೆ. ಇಷ್ಟು ವರ್ಷದ ಮೇಲೂ ಬೆಳ್ಳಗೆ ಬಿತ್ತು.

"ಏನಮ್ಮ ಇದು?" ಅಂದ.

"ಮೊಳೆ ತಗೊಂಡು ಬಾ" ಅಂದೆ. "ಇಲ್ಲೇ, ಹಾಲಿನಲ್ಲಿ."