ಎರಡು ರಜೆ ಉತ್ತರಗಳ ನಡುವೆ ಒಂದು ಗಾಡಿ ಕೊತ್ತಂಬರಿ

ಮಾರ್ಚ್ 14, ಶುಕ್ರವಾರ, ಸಂಜೆ 5.40. ಮೂರು ದಿನದ ರಜೆಗೆ ಹೊರಡುವ ಮುನ್ನ, ಆಫೀಸಿನ ಮೇಲ್‌ಗೆ ಬರುವ ಪತ್ರಗಳಿಗೆ ತಾನಾಗಿ ಹೋಗುವ ಉತ್ತರ ಬರೆಯಲು ಕುಳಿತೆ. ಇಪ್ಪತ್ತು ನಿಮಿಷ ಹಿಡಿಯಿತು. ಮೂರು ಸಲ ತಿದ್ದಿದೆ. ‘ನಿಮ್ಮ ಪತ್ರ ನಮಗೆ ಮುಖ್ಯ. ಆದಷ್ಟು ಬೇಗ ಗಮನಿಸುತ್ತೇವೆ. ತುರ್ತಿದ್ದರೆ ನನ್ನ ಸಹೋದ್ಯೋಗಿಗೆ ಬರೆಯಿರಿ.’ ಒಬ್ಬರೇ ಹತ್ತು ಸಲ ಬರೆದರೂ ಹತ್ತು ಸಲವೂ ಉತ್ತರ ಹೋಗುವಂತೆ ಮಾಡಿದೆ. ಅದನ್ನು ಅಚ್ಚುಕಟ್ಟು ಎಂದುಕೊಂಡಿದ್ದೆ.

ಜಡಿಗೇನಹಳ್ಳಿ ಕಡೆಯ ತರಕಾರಿ ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಕೆಲಸ. ಯಾವ ಗಾಡಿ ಎಷ್ಟು ಗಂಟೆಗೆ ಒಳಗೆ ಬರಬೇಕೆಂದು ಮೇಲ್‌ನಲ್ಲಿ ಟೈಮ್ ಕೊಡುವವರು ನಾನು ಮತ್ತು ಆ ಸಹೋದ್ಯೋಗಿ, ಇಬ್ಬರೇ. ಟೈಮ್ ಇಲ್ಲದ ಗಾಡಿಗೆ ಗೇಟ್ ತೆಗೆಯುವುದಿಲ್ಲ.

ಮಂಗಳವಾರ ಬೆಳಿಗ್ಗೆ ವಾಪಸ್ ಬಂದಾಗ ಗೇಟಿಗೆ ನೂರು ಹೆಜ್ಜೆ ಇರುವಾಗಲೇ ನಾತ ಮೂಗಿಗೆ ಹೊಡೆಯಿತು. ಗೋಡೆ ಪಕ್ಕದಲ್ಲಿ ಕಪ್ಪಗೆ ಲೋಳೆಯಾದ ರಾಶಿ, ಮೇಲೆಲ್ಲ ನೊಣ. ಕೆಳಗಿನಿಂದ ಹಸಿರು ನೀರು ಹರಿದು ರಸ್ತೆಗೆ ಬಂದಿತ್ತು.

“ಏನಣ್ಣ ಇದು?”

“ಕೊತ್ಮೀರಿ ಸಾರ್,” ಎಂದರು ಸೆಕ್ಯುರಿಟಿ. “ಕುಂದಾಣದ ಕಡೆಯೋರು. ಶನಿವಾರ ಬೆಳಗ್ಗೆಯಿಂದ ನಿಂತಿದ್ರು. ಟೈಮ್ ಬಂದಿಲ್ವಲ್ಲ, ನಾನೇನ್ ಮಾಡ್ಲಿ? ಮಧ್ಯಾಹ್ನ ಮೂರು ಗಂಟೆಗೆ ಸುರಿದ್ಬಿಟ್ಟು ಹೋದ್ರು.”

ಒಳಗೆ ಹೋಗಿ ಮೇಲ್ ತೆರೆದು ಎಣಿಸಿದೆ. ಆ ರೈತರ ಮಗಳು ಮನೆಯಿಂದ ನನಗೆ ಏಳು ಸಲ ಬರೆದಿದ್ದಳು, ಸಹೋದ್ಯೋಗಿಗೆ ಏಳು ಸಲ. ಮೊದಲನೆಯದು 7.10ಕ್ಕೆ, ಕೊನೆಯದು 2.50ಕ್ಕೆ. ‘ಸರ್, ಸೊಪ್ಪು ಬಿಸಿಯಾಗ್ತಿದೆ, ಅಪ್ಪ ಬಿಸಿಲಲ್ಲಿ ನಿಂತಿದ್ದಾರೆ.’ ಅದಕ್ಕೆ ನನ್ನ ಉತ್ತರ: ನಿಮ್ಮ ಪತ್ರ ನಮಗೆ ಮುಖ್ಯ. ಸಹೋದ್ಯೋಗಿಯೂ ರಜೆಯಲ್ಲಿದ್ದ. ಅವನ ಉತ್ತರ, ತುರ್ತಿದ್ದರೆ ‘ನನ್ನ ಸಹೋದ್ಯೋಗಿಗೆ’, ಅಂದರೆ ನನಗೆ, ಬರೆಯಿರಿ ಎಂದಿತ್ತು. ನನ್ನ ಏಳನೆಯ ಉತ್ತರ ಹೋಗುವ ಹೊತ್ತಿಗೆ ನಾನು ದೊಡ್ಡಬಳ್ಳಾಪುರದ ಅಕ್ಕನ ಮನೆಯಲ್ಲಿ ಫೋನ್ ಆಫ್ ಮಾಡಿ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದೆ.

“ನೀನಿರ್ತೀಯ ಅಂದ್ಕೊಂಡೆ ಕಣೋ,” ಎಂದ ಸಹೋದ್ಯೋಗಿ. ಶನಿವಾರ ಅವನು ಮಾಕಳಿದುರ್ಗದ ಬೆಟ್ಟ ಹತ್ತುತ್ತಿದ್ದನಂತೆ.

“ಕೇಳಿದ್ಯಾ?”

“ನೀನ್ ಕೇಳಿದ್ಯೇನ್ ಗುರು?”

ಕೇಳಿರಲಿಲ್ಲ.

ರೈತರಿಗೆ ಫೋನ್ ಮಾಡಿದೆ. ಬೈದಿದ್ದರೆ ಹಗುರಾಗುತ್ತಿತ್ತು. “ಬೇರೆ ಕಡೆ ಹಾಕ್ಬಿಡಾನ ಅಂದೆ ಕಣಪ್ಪಾ. ‘ಬೇಡ ಇರಪ್ಪ, ಬರೆದ್ ತಕ್ಷಣ ಉತ್ತರ ಬರ್ತೈತೆ, ಯಾರೋ ಕೂತವ್ರೆ’ ಅಂದ್ಲು ಮಗಳು. ಅದ್ಕೇ ನಿಂತ್ಕೊಂಡೆ.”

ನಾನು ಸುಮ್ಮನಿದ್ದರೆ ಅವರು ಎಂಟು ಗಂಟೆಗೇ ಹೊರಟುಹೋಗುತ್ತಿದ್ದರು. ನಿಲ್ಲಿಸಿದ್ದು ಆ ನಯವಾದ ಮೂರು ಸಾಲು. ಈಗ ಅವನ್ನು ಓದಿದರೆ ಅದೇ ನಾತ.

“ನಾಳೆ ಬುಧವಾರ ಇನ್ನೊಂದು ಕೊಯ್ಲೈತೆ,” ಎಂದರು ಅವರು. “ಆಗ ನೀನಿರ್ತೀಯೋ, ನಿನ್ ಲೆಟ್ರಿರ್ತದೋ?”

ಇರ್ತೀನಿ ಎಂದೆ. ಗೇಟಿನ ಹತ್ತಿರ ನಾನೇ ನಿಲ್ಲುತ್ತೇನೆ. ಆದರೆ ಮುಂದಿನ ರಜೆಗೆ? ನಾನು ಹೆಸರು ಹಾಕಿದವನೂ ರಜೆಯಲ್ಲಿದ್ದರೆ ಅದನ್ನು ಮೊದಲೇ ತಿಳಿಸಿ ಇಂಥ ಉತ್ತರವನ್ನು ತಡೆಯುವ ದಾರಿ ಇದೆಯೇ? ಗೊತ್ತಿರುವವರು ದಯವಿಟ್ಟು ನನಗೆ ಬರೆಯಿರಿ. ಉತ್ತರ ಒಂದು ದಿನ ತಡವಾಗಬಹುದು, ಆದರೆ ಓದಿ ಬರೆಯುವವನು ನಾನೇ ಆಗಿರುತ್ತೇನೆ.